ಎಕ್ಸ್‌ರೇಯಲ್ಲಿ ಎಣಿಸಿದ ಚರೆಗಳು

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದಾಗ, ಕಾರವಾರದ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಅದೇ ದಿನ ಬಾಂಗ್ಲಾದೇಶದ ರಂಗ್‌ಪುರದಲ್ಲಿ ಅಬು ಸಯೀದ್ ಎಂಬ ವಿದ್ಯಾರ್ಥಿ ಎರಡೂ ಕೈ ಚಾಚಿ ನಿಂತಲ್ಲೇ ಪೊಲೀಸರ ಗುಂಡಿಗೆ ಬಲಿಯಾಗಿದ್ದನೆಂಬುದು ನಮಗೆ ತಿಳಿದದ್ದು, ಢಾಕಾದಲ್ಲಿ ವೈದ್ಯಕೀಯ ಓದುತ್ತಿದ್ದ ತಂಗಿಯ ಮಗಳ ಫೋನು ಸಿಗದೇ ಹೋದ ಮೇಲೆ. 1971ರ ಸ್ವಾತಂತ್ರ್ಯ ಹೋರಾಟಗಾರರ ವಂಶಸ್ಥರಿಗೆ ಸರ್ಕಾರಿ ನೌಕರಿಯಲ್ಲಿದ್ದ ಶೇ. 30ರ ಮೀಸಲಾತಿಯ ವಿರುದ್ಧ ಎದ್ದ ಚಳವಳಿಯನ್ನು ಹತ್ತಿಕ್ಕಲು ಅಲ್ಲಿನ ಸರ್ಕಾರ ಇಂಟರ್ನೆಟ್ಟನ್ನೇ ಕಡಿದಿತ್ತು. ಹುಡುಗಿ ಸುರಕ್ಷಿತವಾಗಿ ಊರಿಗೆ ಬಂದಳು, ಪರಿಸ್ಥಿತಿ ತಿಳಿಯಾದ ಮೇಲೆ ಮರಳಿ ಹೋದಳು.

2025ರ ಫೆಬ್ರುವರಿಯಲ್ಲಿ ಅವಳು ರಜೆಗೆ ಬಂದಿದ್ದಾಗಲೇ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯ ವರದಿ ಹೊರಬಿತ್ತು. ಆ ಚಳವಳಿಯ ವೇಳೆ ಸತ್ತವರು 1,400ರಷ್ಟಿರಬಹುದು, ಅವರಲ್ಲಿ ಶೇ. 12ರಿಂದ 13 ಮಕ್ಕಳು ಎಂದು ಅದರಲ್ಲಿತ್ತು. ಮರುದಿನ ಅವಳು ಢಾಕಾದ ಗೆಳತಿಯ ಅಣ್ಣ, ಚಳವಳಿಯ ವೇಳೆ ಗುಂಡೇಟು ತಿಂದವನು, ಬರೆದ ಎಂಟು ಪುಟಗಳ ಹೇಳಿಕೆಯನ್ನು ನನ್ನ ಮುಂದಿಟ್ಟು, "ಮಾವ, ಇದನ್ನು ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಕಳಿಸಲು ಬರುತ್ತದಾ?" ಎಂದು ಕೇಳಿದಳು.

ನಾನು ಪಹಣಿಯ ತಕರಾರು, ಮೋಟಾರು ಅಪಘಾತದ ದಾವೆಗಳಲ್ಲೇ ತಲೆ ನರೆಸಿಕೊಂಡ ವಕೀಲ. ಭಾರತ ಆ ನ್ಯಾಯಾಲಯದ ಸದಸ್ಯ ರಾಷ್ಟ್ರವಲ್ಲವಾದ್ದರಿಂದ ಅದನ್ನು ಸ್ಥಾಪಿಸಿದ ಒಪ್ಪಂದವಾದ ರೋಮ್ ಶಾಸನವನ್ನು ತೆರೆದು ನೋಡುವ ಪ್ರಮೇಯವೇ ನನಗೆ ಬಂದಿರಲಿಲ್ಲ. ಬಾಂಗ್ಲಾದೇಶ 2010ರಲ್ಲೇ ಅದಕ್ಕೆ ಸೇರಿದೆ. ಆ ಶಾಸನದ 15ನೇ ವಿಧಿಯಡಿ ಯಾರು ಬೇಕಾದರೂ ಅಲ್ಲಿನ ಪ್ರಾಸಿಕ್ಯೂಟರ್‌ಗೆ ಮಾಹಿತಿ ಕಳಿಸಬಹುದು. ಆದರೆ ಅದು ನಮ್ಮ ಠಾಣೆಯ ದೂರಿನಂತಲ್ಲ, ಕಳಿಸಿದ ಮಾತ್ರಕ್ಕೆ ತನಿಖೆ ಶುರುವಾಗುವುದಿಲ್ಲ. ಆಯಾ ದೇಶದ ನ್ಯಾಯಾಲಯಗಳು ಪ್ರಾಮಾಣಿಕವಾಗಿ ವಿಚಾರಣೆ ನಡೆಸುತ್ತಿದ್ದರೆ ಹೇಗ್ ಕೈಹಾಕುವುದಿಲ್ಲ. ಢಾಕಾದಲ್ಲಿ 1973ರ ಕಾನೂನಿನಡಿಯ, ಹೆಸರಿಗಷ್ಟೇ ಅಂತರರಾಷ್ಟ್ರೀಯವಾದ ಅಪರಾಧ ನ್ಯಾಯಮಂಡಳಿ ಆಗಲೇ ಕೆಲಸ ಶುರುಮಾಡಿತ್ತು.

"ಹಾಗಾದರೆ ಬರೆದು ಪ್ರಯೋಜನವಿಲ್ಲವಾ?" ಎಂದು ಅವಳು ಮುಖ ಸಣ್ಣದು ಮಾಡಿದಳು. ಎಲ್ಲಿಗೇ ಹೋದರೂ ಬೇಕಾಗುವುದು ಇದೇ ಹೇಳಿಕೆ ಎಂದು ಹೇಳಿ ನಾನು ಪೆನ್ಸಿಲ್ ಹಿಡಿದೆ. ಮೇಲಿನಿಂದ ಆದೇಶ ಬಂದಿತ್ತು ಎಂದು ಅವನು ಬರೆದಿದ್ದ. ಅದನ್ನು ಅವನು ಕೇಳಿರಲಿಲ್ಲ. ಮುಖಕ್ಕೆ ಬಂದೂಕಿನ ನೂರಾರು ಚರೆ ಹೊಕ್ಕವು ಎಂದಿದ್ದ. ಎಕ್ಸ್‌ರೇಯ ಚಿತ್ರವನ್ನು ಫೋನಿನಲ್ಲಿ ದೊಡ್ಡದು ಮಾಡಿ, ಕಣ್ಣಿನ ಗೂಡಿನ ಸುತ್ತ ಸಾಸಿವೆಯಂತೆ ಚೆಲ್ಲಿದ್ದ ಬಿಳಿ ಚುಕ್ಕೆಗಳನ್ನು ಇಬ್ಬರೂ ಎಣಿಸಿದೆವು. ನನಗೆ 23 ಸಿಕ್ಕವು, ಅವಳಿಗೆ 24. ಎಣಿಸುತ್ತಾ ಅವಳು ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದಳು.

ಆಸ್ಪತ್ರೆಯ ಚೀಟಿಯಲ್ಲಿ 'ಕಣ್ಣಿಗೆ ಗಾಯ' ಎಂದಷ್ಟೇ ಇತ್ತು, ಕಾರಣದ ಜಾಗ ಖಾಲಿ. ಗಾಯದ ಪ್ರಮಾಣಪತ್ರದ ಒಂದು ಶಬ್ದಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆದ ಕಕ್ಷಿದಾರರನ್ನು ಕಂಡಿರುವ ನನಗೆ ಉಳಿದೆಲ್ಲಕ್ಕಿಂತ ಆ ಖಾಲಿ ಜಾಗವೇ ಹೆಚ್ಚು ಕಳವಳ ತಂದಿತು. ಸಾಕ್ಷಿಯ ಮಾತನ್ನು ನಾವು ತಿದ್ದಬಾರದು. ಆದ್ದರಿಂದ ಅಂಚಿನಲ್ಲಿ ಪ್ರಶ್ನೆಗಳನ್ನಷ್ಟೇ ಬರೆದು ಅವನಿಗೆ ಹಿಂದಿರುಗಿಸಿದೆವು.

ರಾತ್ರಿ ಊಟದ ಹೊತ್ತಿಗೆ ಉತ್ತರ ಬಂತು. ಗುಂಡು ಹಾರಿಸಿದವನು ರಸ್ತೆಯ ಆಚೆ ಬದಿಯಲ್ಲಿದ್ದ, ಹೆಲ್ಮೆಟ್ ಇದ್ದುದರಿಂದ ಮುಖ ಕಾಣಲಿಲ್ಲ ಎಂದು ಬರೆದಿದ್ದ. ಆದೇಶದ ಸಾಲನ್ನು ತಾನೇ ಹೊಡೆದುಹಾಕಿದ್ದ. ಹೇಳಿಕೆಯಲ್ಲಿ ಹೆಸರು ಹಾಕಬಹುದೇ ಎಂಬ ಕೊನೆಯ ಪ್ರಶ್ನೆಗೆ ಮಾತ್ರ, ಅಮ್ಮನನ್ನು ಕೇಳಿ ತಿಳಿಸುತ್ತೇನೆ ಎಂದಿದ್ದ.