ಕ್ಯಾಂಪಸ್ ಬಿಡುವ ಮುನ್ನ: ನೋ ಡ್ಯೂ, ಬೀಳ್ಕೊಡುಗೆ, ಟ್ರಂಕು

"ಪರೀಕ್ಷೆ ಮುಗೀಲಿ, ಆಮೇಲೆ ನೋಡ್ಕೊಳ್ಳೋಣ" ಎಂಬ ಮಾತೇ ಕೊನೆಯ ಸೆಮಿಸ್ಟರಿನ ಅರ್ಧ ತಾಪತ್ರಯಕ್ಕೆ ಮೂಲ. ಕೊನೆಯ ಪೇಪರಿನ ಮರುದಿನ ಇಡೀ ಬ್ಯಾಚು ಒಂದೇ ಕೌಂಟರಿನ ಮುಂದೆ ನಿಂತಿರುತ್ತದೆ. ಅಷ್ಟು ಹೊತ್ತಿಗೆ ಮೇಷ್ಟ್ರುಗಳು ಮೌಲ್ಯಮಾಪನಕ್ಕೆ ಹೊರಟಿರುತ್ತಾರೆ, ಸಹಿಯಾಗಬೇಕಾದ ಹಾಳೆ ವಿಭಾಗದ ಮೇಜಿನ ಮೇಲೆ ಪೇಪರ್‌ವೇಟಿನಡಿ ಬಿದ್ದಿರುತ್ತದೆ. ಯಾವ ಕಾಗದ ಸಿಗಲು ಯಾವ ಕಾಗದ ಮೊದಲು ಕೈಯಲ್ಲಿರಬೇಕು ಎಂಬುದು ಗೊತ್ತಿದ್ದರೆ ಮೂರು ವಾರದ ಓಡಾಟ ನಾಲ್ಕೈದು ದಿನಕ್ಕೆ ಇಳಿಯುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಂಥ, ಸಾವಿರ ಎಕರೆ ಮೀರಿದ ಕ್ಯಾಂಪಸ್ಸಿನಲ್ಲಂತೂ ಇದು ಕಾಲಿಗೂ ಸಂಬಂಧಪಟ್ಟ ವಿಷಯ. ವಿಭಾಗ, ಗ್ರಂಥಾಲಯ, ಆಡಳಿತ ಕಚೇರಿ ಒಂದೊಂದು ಒಂದೊಂದು ಕಡೆ. ಒಂದು ಸೀಲು ಮರೆತರೆ ಮೇ ತಿಂಗಳ ಬಿಸಿಲಲ್ಲಿ ಮತ್ತೊಂದು ಸುತ್ತು.

ಮೊದಲು ಹೆಸರಿನ ಕಥೆ. ಇದನ್ನು ಸೆಮಿಸ್ಟರಿನ ಆರಂಭದಲ್ಲೇ ನೋಡಬೇಕು. ನಮ್ಮ ಕಡೆಯವರ ಇನಿಷಿಯಲ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದಿದ್ದರೆ ಆಧಾರ್‌ನಲ್ಲಿ ಮುಂದಿರುತ್ತದೆ. ಇಲ್ಲವೇ ಒಂದರಲ್ಲಿ "ಮಂಜುನಾಥ ಕೆ", ಇನ್ನೊಂದರಲ್ಲಿ ಊರು, ತಂದೆಯ ಹೆಸರು ಎಲ್ಲ ಬಿಡಿಸಿ ಬರೆದಿರುತ್ತಾರೆ. ಪ್ರವೇಶ, ಪರೀಕ್ಷೆಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ಪ್ರವೇಶದ ಹೊತ್ತಿಗೆ ಯಾವುದನ್ನು ತುಂಬಿದ್ದೀರೋ ಅದೇ ಮಾರ್ಕ್ಸ್ ಕಾರ್ಡಿಗೆ ಬರುತ್ತದೆ. ನಿಮ್ಮ ಕ್ರೆಡಿಟ್ಟುಗಳು ಜಮೆಯಾಗುವ ಖಾತೆಯ ಸಂಖ್ಯೆ, ಅಂದರೆ 12 ಅಂಕಿಯ ಎಬಿಸಿ ಐಡಿ, ಆಧಾರ್‌ನಿಂದ ಹುಟ್ಟುವುದು. ಎರಡೂ ಕಡೆ ಹೆಸರು, ಹುಟ್ಟಿದ ದಿನ ತಾಳೆಯಾಗದಿದ್ದರೆ ಕ್ರೆಡಿಟ್ಟುಗಳು ಡಿಜಿಲಾಕರ್‌ಗೆ ಬಂದು ಸೇರುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿರುವುದನ್ನೇ ಆಧಾರವಾಗಿಟ್ಟುಕೊಂಡು ಉಳಿದದ್ದನ್ನು ಸರಿಮಾಡಿಸಿ, ಎಸ್ಸೆಸ್ಸೆಲ್ಸಿ ತಿದ್ದಿಸಲು ಹೋಗಬೇಡಿ. ಪದವಿ ಪ್ರಮಾಣಪತ್ರ ಅಚ್ಚಾದ ಮೇಲೆ ತಿದ್ದುಪಡಿ ಅಂದರೆ ಅಫಿಡವಿಟ್ಟು, ಶುಲ್ಕ, ಮೌಲ್ಯಮಾಪನ ಕುಲಸಚಿವರ ಕಚೇರಿ, ಕಾಯುವಿಕೆ ಎಲ್ಲ ಒಟ್ಟಿಗೆ ಬರುತ್ತವೆ.

ಪ್ರಾಜೆಕ್ಟ್ ರಿಪೋರ್ಟು ಅಥವಾ ಪ್ರಬಂಧ ಇರುವವರಿಗೆ ಬೈಂಡಿಂಗ್ ಅಂಗಡಿಯೇ ಮೊದಲ ಅಡ್ಡಿ. ಕನ್ನಡದಲ್ಲಿ ಬರೆದವರಿಗೆ ಎರಡು ಪಟ್ಟು. ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿ ಟೈಪು ಮಾಡಿದ ವರ್ಡ್ ಕಡತವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋದರೆ, ಆ ಫಾಂಟು ಇಲ್ಲದ ಜೆರಾಕ್ಸ್ ಅಂಗಡಿಯ ಗಣಕದಲ್ಲಿ ಪುಟದ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಯುನಿಕೋಡ್‌ನಲ್ಲಿದ್ದರೂ ಹಳೆಯ ಫಾಂಟಿದ್ದರೆ ಒತ್ತಕ್ಷರ ಪಕ್ಕಕ್ಕೆ ಜಾರಿ, ಅರ್ಕಾವತ್ತು ಎಲ್ಲೋ ಕೂತಿರುತ್ತದೆ. ಆದ್ದರಿಂದ ಬರೆದ ಗಣಕದಲ್ಲೇ ಫಾಂಟು ಸೇರಿಸಿ ಪಿಡಿಎಫ್ ಮಾಡಿ, ಮೊಬೈಲಿನಲ್ಲಿ ತೆರೆದು ನೋಡಿ, ಅದನ್ನೇ ಕೊಡಿ. ಎಡಗಡೆ ಒಂದೂವರೆ ಇಂಚು ಅಂಚು ಬಿಡಿ. ಒಂದೇ ಇಂಚು ಬಿಟ್ಟರೆ ಸಾಲಿನ ಮೊದಲಕ್ಷರ ಹೊಲಿಗೆಯೊಳಗೆ ಹೋಗುತ್ತದೆ. ರೆಕ್ಸಿನ್ ಹೊದಿಕೆಯ ಮೇಲೆ ಚಿನ್ನದಕ್ಷರ ಒತ್ತಿಸುವ ಮುನ್ನ ಮುಖಪುಟದ ಸಾಲುಗಳನ್ನು ಬಿಳಿ ಹಾಳೆಯಲ್ಲಿ ಮುದ್ರಿಸಿ ಗೈಡ್‌ಗೆ ತೋರಿಸಿ, ಅವರ ಹೆಸರಿನ ಹಿಂದಿನ ಪ್ರೊ., ಡಾ. ಸಮೇತ. ಒಮ್ಮೆ ಒತ್ತಿದ ಅಕ್ಷರ ಅಳಿಸಲು ಬರುವುದಿಲ್ಲ.

ಕೃತಿಚೌರ್ಯ ಪರೀಕ್ಷೆಗೂ ಯುನಿಕೋಡೇ ಬೇಕು, ಆಸ್ಕಿ ಕಡತ ತಂತ್ರಾಂಶಕ್ಕೆ ಕನ್ನಡವಾಗಿ ಕಾಣುವುದಿಲ್ಲ. ಯುಜಿಸಿಯ 2018ರ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, 10ರಿಂದ 40ರವರೆಗೆ ತಿದ್ದಿ ಮತ್ತೆ ಸಲ್ಲಿಸಬೇಕು. ಆ ತಿದ್ದುಪಡಿಗೆ ಬೇಕಾದ ದಿನಗಳನ್ನು ಲೆಕ್ಕಕ್ಕೆ ಹಿಡಿಯದೆ ಬೈಂಡ್ ಮಾಡಿಸಿದವರು ಎರಡೆರಡು ಸಲ ದುಡ್ಡು ತೆರುತ್ತಾರೆ.

ಈಗ ನೋ ಡ್ಯೂ ಹಾಳೆ, ಅಂದರೆ ನಿಮ್ಮಿಂದ ಬಾಕಿ ಏನೂ ಇಲ್ಲ ಎಂದು ಪ್ರತಿ ವಿಭಾಗವೂ ಸಹಿ ಹಾಕುವ ಕಾಗದ. ಅದರ ಮೇಲೆ ಕಾಲಂ ಯಾವ ಕ್ರಮದಲ್ಲಿ ಇದ್ದರೂ ಸಹಿ ಬೀಳುವುದು ತನ್ನದೇ ಕ್ರಮದಲ್ಲಿ: ವಿಭಾಗದ ಗ್ರಂಥಾಲಯ, ಲ್ಯಾಬು, ಕೇಂದ್ರ ಗ್ರಂಥಾಲಯ, ದೈಹಿಕ ಶಿಕ್ಷಣ ವಿಭಾಗ, ಹಾಸ್ಟೆಲ್ಲು, ಲೆಕ್ಕಪತ್ರ ಶಾಖೆ, ಕೊನೆಗೆ ಮುಖ್ಯಸ್ಥರು. ಉಳಿದವರದ್ದೆಲ್ಲ ಆಗದೆ ಲೆಕ್ಕಪತ್ರದವರು ಪೆನ್ನು ಎತ್ತುವುದಿಲ್ಲ. ಕ್ರಿಕೆಟ್ ಬ್ಯಾಟು ಮುಟ್ಟದವರಿಗೂ ದೈಹಿಕ ಶಿಕ್ಷಣದ ಸೀಲು ಬೇಕೇ ಬೇಕು. ಅಲ್ಲಿನವರು ಬೆಳಗ್ಗೆ ಮೈದಾನದಲ್ಲಿರುತ್ತಾರೆ, ಮಧ್ಯಾಹ್ನ ಹೋಗಿ.

ಗ್ರಂಥಾಲಯದ ಕೌಂಟರಿನಲ್ಲಿ ಪುಸ್ತಕ ಇಟ್ಟು ಬಂದರೆ ವಾಪಸು ಕೊಟ್ಟ ಹಾಗಾಗುವುದಿಲ್ಲ. ಪುಸ್ತಕದ ದಾಖಲೆ ಸಂಖ್ಯೆ ನಿಮ್ಮ ಖಾತೆಯಿಂದ ಹೋದದ್ದನ್ನು ತೆರೆಯ ಮೇಲೆ ನೋಡಿ, ರಸೀದಿ ಕೊಡುವ ಕಡೆ ರಸೀದಿ ತನ್ನಿ. ಗೆಳೆಯರ ಕಾರ್ಡಿನಲ್ಲಿ ತೆಗೆದ ಪುಸ್ತಕ ಇದೇ ಹೊತ್ತಿಗೆ ಹೊರಬೀಳುತ್ತದೆ. ಕಳೆದುಹೋದದ್ದಿದ್ದರೆ ಸಾಮಾನ್ಯವಾಗಿ ಅದೇ ಆವೃತ್ತಿ ಅಥವಾ ಅದಕ್ಕಿಂತ ಹೊಸದನ್ನು ತಂದುಕೊಡಲು ಬಿಡುತ್ತಾರೆ, ದಂಡ ಕಟ್ಟುವುದಕ್ಕಿಂತ ಅದು ಅಗ್ಗ. ಖರೀದಿಸುವ ಮುನ್ನ ಗ್ರಂಥಪಾಲಕರನ್ನು ಕೇಳಿ, ಅವೆನ್ಯೂ ರಸ್ತೆಯಲ್ಲಿ ಹುಡುಕಿ ತಂದ ಹಳೆಯ ಪ್ರತಿಯನ್ನು ಎಲ್ಲರೂ ತೆಗೆದುಕೊಳ್ಳುವುದಿಲ್ಲ.

ಹಾಸ್ಟೆಲ್ ಸಹಿ ಸಿಕ್ಕಿಕೊಳ್ಳುವುದು ಮೆಸ್ ಬಿಲ್ಲಿನಲ್ಲಿ. ಡಿವೈಡಿಂಗ್ ಸಿಸ್ಟಂ ಇರುವ ಕಡೆ ಇಡೀ ತಿಂಗಳ ಅಕ್ಕಿ, ಬೇಳೆ, ಗ್ಯಾಸು, ತರಕಾರಿ ಖರ್ಚನ್ನು ಒಟ್ಟು ಊಟದ ದಿನಗಳಿಂದ ಭಾಗಿಸಿ ತಲಾ ದರ ತೆಗೆಯುತ್ತಾರೆ. ತಿಂಗಳು ಮುಗಿಯದೆ ಆ ದರ ಹುಟ್ಟುವುದೇ ಇಲ್ಲ. 12ನೇ ತಾರೀಕಿಗೆ ಊರಿಗೆ ಹೊರಟವರು ಹಿಂದಿನ ತಿಂಗಳ ದರದಲ್ಲಿ ಮುಂಗಡ ಕಟ್ಟಿ ಸಹಿ ಹಾಕಿಸಿಕೊಳ್ಳಬಹುದೇ ಎಂದು ವಾರ್ಡನ್ ಅವರನ್ನು ಮೊದಲೇ ಕೇಳಬೇಕು. ಮೆಸ್ ರಜೆ ಬರೆದುಕೊಡದೆ ಹೋದರೆ ನೀವು ಉಣ್ಣದ ದಿನಗಳೂ ಲೆಕ್ಕದಲ್ಲಿರುತ್ತವೆ.

ಸೇರುವಾಗ ಕಟ್ಟಿದ ಮುಂಗಡ ಠೇವಣಿ, ಅಂದರೆ ಕಾಷನ್ ಡೆಪಾಸಿಟ್ಟು, ಬ್ಯಾಂಕ್ ಖಾತೆಗೇ ಬರುವುದು. ಎರಡು ವರ್ಷ ವಹಿವಾಟಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಸ್ಕಾಲರ್‌ಶಿಪ್ಪಿಗೆಂದು ತೆರೆದು ಮರೆತ ಖಾತೆಗಳ ಪಾಡು ಇದೇ. ಮನೆಯಲ್ಲಿರುವ ಹಳೆಯ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ಬರೆಯುವವರು ಇನ್ನೂ ಇದ್ದಾರೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟು ಮತ್ತು ಕಾರ್ಪೊರೇಷನ್ನು 2020ರಲ್ಲಿ ಕ್ರಮವಾಗಿ ಕೆನರಾ ಮತ್ತು ಯೂನಿಯನ್ ಬ್ಯಾಂಕಿಗೆ ಸೇರಿಹೋದವು. ಹಳೆಯ ಸಂಖ್ಯೆಗೆ ಹಾಕಿದ ಹಣ ತಿರುಗಿ ವಿಶ್ವವಿದ್ಯಾಲಯದ ಖಾತೆಗೇ ಹೋಗುತ್ತದೆ. ಅದನ್ನು ಯಾರೂ ಕರೆದು ಹೇಳುವುದಿಲ್ಲ.

ಅರ್ಜಿ ಕೊಟ್ಟ ಮೇಲೆ ಇನ್‌ವರ್ಡ್ ನಂಬರು, ತಾರೀಕು ಬರೆಸಿಕೊಂಡ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಕೇಸ್‌ವರ್ಕರ್ ಬದಲಾದರೂ ನಂಬರು ಬದಲಾಗುವುದಿಲ್ಲ. ಆ ಸೇವೆ ಸರ್ಕಾರದ ಕಾಲಮಿತಿ ಸೇವೆಗಳ ಸಕಾಲ ಪಟ್ಟಿಯಲ್ಲಿದ್ದರೆ 15 ಅಂಕಿಯ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ.

ಟಿಸಿ ಮತ್ತು ಮೈಗ್ರೇಷನ್ ಒಂದೊಂದೇ ಮೂಲ ಪ್ರತಿ ಕೊಡುವ ಕಾಗದಗಳು, ಮುಂದೆ ಸೇರುವ ಕಡೆ ಒಪ್ಪಿಸುವಂಥವು. ಒಪ್ಪಿಸುವ ಮುನ್ನ ಬಣ್ಣದ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಮಾರ್ಕ್ಸ್ ಕಾರ್ಡು, ಪದವಿ ಪತ್ರ ಮಾತ್ರ ತಾಳೆ ನೋಡಿ ಹಿಂದಿರುಗಿಸಬೇಕಾದವು. ಮೂಲ ದಾಖಲೆ ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಹೇಳಿದೆ. ಘಟಿಕೋತ್ಸವದ ತನಕ ಕೆಲಸಕ್ಕೆ ಬರುವುದು ಪಿಡಿಸಿ, ಅಂದರೆ ತಾತ್ಕಾಲಿಕ ಪದವಿ ಪ್ರಮಾಣಪತ್ರ. ಕೆಲಸಕ್ಕೆ ಸೇರುವವರು ಫಲಿತಾಂಶ ಬಂದ ವಾರವೇ ಅದಕ್ಕೆ ಅರ್ಜಿ ಹಾಕುವುದು ಒಳ್ಳೆಯದು.

ಬೀಳ್ಕೊಡುಗೆಗೆ ಬರೋಣ. ಎಲ್ಲರೂ ಡ್ರೆಸ್ ಕೋಡಿನ ಬಗ್ಗೆ ಹದಿನೈದು ದಿನ ಚರ್ಚೆ ಮಾಡುತ್ತಾರೆ, ಸಭಾಂಗಣದ ಪತ್ರವನ್ನು ಮೂರು ದಿನ ಮುಂಚೆ ಕೊಡುತ್ತಾರೆ. ಪತ್ರ ಮುಖ್ಯಸ್ಥರ ಮೂಲಕ ಕುಲಸಚಿವರಿಗೆ ಹೋಗಬೇಕು, ಪ್ರತಿ ಭದ್ರತಾ ವಿಭಾಗಕ್ಕೂ ವಿದ್ಯುತ್ ನೋಡಿಕೊಳ್ಳುವವರಿಗೂ ಇರಬೇಕು. ಶಿಕ್ಷಣ ಸಂಸ್ಥೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಬಹುದು ಎನ್ನುವ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲೇ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕಕ್ಕೆ ನಿಷೇಧವೂ ಇದೆ. ಪಕ್ಕದ ಕಟ್ಟಡದಲ್ಲಿ ಪರೀಕ್ಷೆ ನಡೆಯುತ್ತಿದ್ದರೆ ಹಗಲಲ್ಲೂ ಅನುಮತಿ ಸಿಗದು, ಸಿಗಲೂಬಾರದು. ಏಪ್ರಿಲ್, ಮೇನಲ್ಲಿ ಬೆಂಗಳೂರಿನ ಮಳೆ ಬರುವುದು ಹೆಚ್ಚಾಗಿ ಸಂಜೆಯೇ, ಗುಡುಗು ಗಾಳಿಯ ಸಮೇತ. ಬಯಲಲ್ಲಿ ಶಾಮಿಯಾನ ಹಾಕಿಸುವುದಾದರೆ ಕಾರ್ಯಕ್ರಮ ಬೆಳಗ್ಗೆ ಇಟ್ಟುಕೊಳ್ಳಿ.

ಕರೆಂಟ್ ಹೋಗುವುದು ಧ್ವನಿವರ್ಧಕದಿಂದಲ್ಲ, ಕಾಫಿ ಬಾಯ್ಲರಿನಿಂದ. ಸಣ್ಣ 6 ಆಂಪಿಯರ್ ಸಾಕೆಟ್ಟು ಹೊರುವುದು ಸುಮಾರು 1,380 ವ್ಯಾಟ್. ಬಾಯ್ಲರ್ ಒಂದೇ 2,000 ವ್ಯಾಟ್ ಎಳೆಯುತ್ತದೆ. ಅದನ್ನು 16 ಆಂಪಿಯರ್ ಸಾಕೆಟ್ಟಿಗೆ ಹಾಕಿ, ಮೈಕಿನ ಲೈನಿಗೆ ಸೇರದ ಬೋರ್ಡಿನಲ್ಲಿ ಹಾಕಿ. ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿದರೆ ಮುಖ್ಯ ಅತಿಥಿಗಳ ಭಾಷಣದ ನಡುವೆ ಹೊರೆ ಹೆಚ್ಚಾಗಿ ಕರೆಂಟ್ ಕಡಿಯುವ ಸ್ವಿಚ್ಚು, ಎಂಸಿಬಿ, ಬೀಳುತ್ತದೆ. ಕೆಲವು ಭಾಷಣಗಳಿಗೆ ಅದು ಉಪಕಾರವೇ ಅನ್ನಿ.

ಊಟ ಹಾಸ್ಟೆಲ್ ಅಡುಗೆಯವರಿಂದ ಮಾಡಿಸಿದರೆ ಹೋಟೆಲಿನ ಅರ್ಧ ಖರ್ಚಿನಲ್ಲಿ ಮುಗಿಸಬಹುದು. ನೂರು ಜನಕ್ಕೆ ಬಿಸಿಬೇಳೆಬಾತು, ಮೊಸರನ್ನ, ಒಂದು ಸಿಹಿ ಸಾಕು. ಬಾತಿಗೆ ಅಕ್ಕಿ 5 ಕೆಜಿ, ತೊಗರಿಬೇಳೆ 3 ಕೆಜಿ, ಬೀನ್ಸು, ಕ್ಯಾರೆಟ್ಟು, ನವಿಲುಕೋಸು, ಬಟಾಣಿ ಎಲ್ಲ ಸೇರಿ 5 ಕೆಜಿ, ಹುಣಸೆಹಣ್ಣು ಅರ್ಧ ಕೆಜಿ, ಪುಡಿ ಮುಕ್ಕಾಲು ಕೆಜಿ, ತುಪ್ಪ ಒಂದು ಲೀಟರ್, ಮೇಲಕ್ಕೆ ಖಾರಾಬೂಂದಿ 2 ಕೆಜಿ. ಒಲೆಯಿಂದ ಇಳಿಸುವಾಗ ಸಾರಿನಷ್ಟು ತೆಳ್ಳಗಿರಬೇಕು, ಒಂದು ಗಂಟೆಯಲ್ಲಿ ಅಕ್ಕಿ ಬೇಳೆ ನೀರು ಕುಡಿದು ಸೌಟು ನಿಲ್ಲುವಷ್ಟು ಗಟ್ಟಿಯಾಗುತ್ತದೆ. ಐದಾರು ಲೀಟರ್ ಕುದಿನೀರು ಪಕ್ಕಕ್ಕಿರಲಿ. ತಣ್ಣೀರು ಹಾಕಿದರೆ ರುಚಿ ಕೆಡುವುದಲ್ಲದೆ ಬಾತೂ ಬೇಗ ಹಳಸುತ್ತದೆ. ಮೊಸರನ್ನಕ್ಕೆ ಅಕ್ಕಿ 3 ಕೆಜಿ, ಕಾಯಿಸಿ ಆರಿಸಿದ ಹಾಲು 5 ಲೀಟರ್, ಮೊಸರು 2 ಲೀಟರ್. ಕಾರ್ಯಕ್ರಮ ಒಂದು ಗಂಟೆ ತಡವಾಗುವುದು ಖಂಡಿತ, ಮೊಸರು ಜಾಸ್ತಿಯಾದರೆ ಬಡಿಸುವಷ್ಟರಲ್ಲಿ ಹುಳಿ. ನೀರಿಗೆ 20 ಲೀಟರಿನ ಕ್ಯಾನು ಐದು ತರಿಸಿ, ಖಾಲಿ ಕ್ಯಾನು ಎಣಿಸಿ ಹಿಂದಿರುಗಿಸುವ ಹೊಣೆ ಒಬ್ಬರಿಗೇ ವಹಿಸಿ. ತಟ್ಟೆ ಅಡಿಕೆ ಹಾಳೆಯದ್ದು, 115. ಪ್ಲಾಸ್ಟಿಕ್ ತಟ್ಟೆ, ಲೋಟ, ಫ್ಲೆಕ್ಸು ಕರ್ನಾಟಕದಲ್ಲಿ 2016ರಿಂದ ನಿಷಿದ್ಧ, ಬ್ಯಾನರು ಬಟ್ಟೆಯದ್ದೇ ಬರೆಸಿ. ಗೋಡೆಗೆ ಸೆಲ್ಲೋಟೇಪು ಅಂಟಿಸಬೇಡಿ, ಕೀಳುವಾಗ ಬಣ್ಣ ಬರುತ್ತದೆ. ಚೂರು ಕಾಗದ ಸಿಡಿಸುವ ಕೊಳವೆಗಳಂತೂ ಬೇಡವೇ ಬೇಡ. ಸಭಾಂಗಣದ ಮುಂಗಡ ಕೈಬಿಡುವುದು ಹೆಚ್ಚಾಗಿ ಈ ಎರಡರಿಂದಲೇ.

ಗ್ರೂಪ್ ಫೋಟೋ ಬೆಳಗ್ಗೆ ಹತ್ತರೊಳಗೆ ಮುಗಿಸಿ. ನೆತ್ತಿ ಮೇಲಿನ ಬಿಸಿಲಲ್ಲಿ ಎಲ್ಲರ ಕಣ್ಣ ಕೆಳಗೂ ಕಪ್ಪು ನೆರಳು.

ಉಳಿದದ್ದು ಗಂಟುಮೂಟೆ. ಹಾಸ್ಟೆಲಿನಿಂದ ಸಾಮಾನು ಹೊರಗೆ ಹೋಗಲು ವಾರ್ಡನ್ ಸಹಿಯ ಗೇಟ್ ಪಾಸ್ ಬೇಕು. ಟೆಂಪೊ ಬಾಗಿಲಿಗೆ ಬಂದ ಮೇಲೆ ನೆನಪಾದರೆ ಕಾಯಿಸಿದ್ದಕ್ಕೂ ಬಾಡಿಗೆ. ಜ್ಞಾನಭಾರತಿ ಹಾಲ್ಟಿನಲ್ಲಿ ದೂರದ ಎಕ್ಸ್‌ಪ್ರೆಸ್ ನಿಲ್ಲುವುದಿಲ್ಲ, ಟ್ರಂಕು ಹೊತ್ತುಕೊಂಡು ಮೆಟ್ರೋ ಹತ್ತಲು ಬಿಡುವುದಿಲ್ಲ. ಹಾಗಾಗಿ ಭಾರದ್ದನ್ನು ಆಟೋದಲ್ಲೇ ಸ್ಟೇಷನ್ನಿಗೆ ಒಯ್ಯಬೇಕು. ರೈಲಿನಲ್ಲಿ ಸ್ಲೀಪರ್ ಟಿಕೆಟ್ಟಿಗೆ 40 ಕೆಜಿ, ಸೆಕೆಂಡ್ ಕ್ಲಾಸಿಗೆ 35 ಕೆಜಿ ಉಚಿತ. ಪುಸ್ತಕಗಳಿಗೆ ಅಂಚೆ ಇಲಾಖೆ 2025ರ ಮೇನಲ್ಲಿ ಶುರುಮಾಡಿದ ಜ್ಞಾನ ಪೋಸ್ಟ್ ಅಗ್ಗ: 300 ಗ್ರಾಮಿಗೆ 20 ರೂಪಾಯಿಯಿಂದ 5 ಕೆಜಿಗೆ 100 ರೂಪಾಯಿವರೆಗೆ, ತೆರಿಗೆ ಬೇರೆ. ಹತ್ತು ಹನ್ನೆರಡು ಪುಸ್ತಕದ ಒಂದೊಂದು ಕಟ್ಟು ಮಾಡಿ. ಪ್ರಕಾಶಕರ ಅಥವಾ ಮುದ್ರಕರ ಹೆಸರಿಲ್ಲದ ಜೆರಾಕ್ಸ್ ನೋಟ್ಸು ಅದರಲ್ಲಿ ಹೋಗುವುದಿಲ್ಲ.

ಬೈಕನ್ನು ರೈಲಿಗೆ ಹಾಕುವವರು ಪಾರ್ಸೆಲ್ ಆಫೀಸಿಗೆ ಆರ್‌ಸಿ, ಗುರುತಿನ ಚೀಟಿಗಳ ಜೆರಾಕ್ಸ್ ಒಯ್ಯಬೇಕು. ಆರ್‌ಸಿ ಅಪ್ಪನ ಹೆಸರಲ್ಲಿದ್ದರೆ ಅವರ ಒಪ್ಪಿಗೆ ಪತ್ರವೂ ಜೊತೆಗಿರಲಿ. ಟ್ಯಾಂಕು ಪೂರ್ತಿ ಖಾಲಿಯಿರಬೇಕು, ಸ್ಟೇಷನ್ ತಲುಪುವಷ್ಟೇ ಪೆಟ್ರೋಲ್ ಇಟ್ಟುಕೊಂಡು ಹೋಗಿ. ಕನ್ನಡಿ ಬಿಚ್ಚಿ ಬ್ಯಾಗಿಗೆ ಹಾಕಿ, ಇಂಡಿಕೇಟರಿಗೂ ಹೆಡ್‌ಲೈಟಿಗೂ ಗೋಣಿತಾಟು ಸುತ್ತಿಸಿ, ಎಲ್ಲಿಂದ ಎಲ್ಲಿಗೆ ಎಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಕಟ್ಟಿ. ಎರಡು ನಿಮಿಷ ನಿಲ್ಲುವ ಊರಿಗೆ ಬುಕಿಂಗ್ ಆಗುವುದಿಲ್ಲ. ಹುಬ್ಬಳ್ಳಿಯಂಥ ದೊಡ್ಡ ಸ್ಟೇಷನ್ನಿಗೆ ಹಾಕಿ, ಬಂದಿಳಿದ ಕೂಡಲೇ ಬಿಡಿಸಿಕೊಳ್ಳಿ. ತಡವಾದರೆ ಗಂಟೆಗಳ ಲೆಕ್ಕದಲ್ಲಿ ದಂಡ ಏರುತ್ತದೆ.

ಹಾಸಿಗೆ ಮಾತ್ರ ಯಾರಿಗೂ ಬೇಡದ ವಸ್ತು. ಹತ್ತಿಯದಾದರೆ ಹಿಂಜಿಸಿ ಮತ್ತೆ ಬಳಸುವವರು ಸಿಗುತ್ತಾರೆ. ಫೋಮಿನದು ಗುಜರಿಯವರಿಗೂ ಬೇಡ. ಕಾರಿಡಾರಿನಲ್ಲಿ ಬಿಟ್ಟುಹೋದರೆ ಕಾಷನ್ ಡೆಪಾಸಿಟ್ಟಿನಲ್ಲಿ ಹಿಡಿದುಕೊಳ್ಳುತ್ತಾರೆ. ಜೂನಿಯರ್ ಒಬ್ಬರಿಗೆ ಒಪ್ಪಿಸಿ, ಅವರ ರೂಮ್ ನಂಬರನ್ನು ವಾರ್ಡನ್ ಆಫೀಸಿನ ರಿಜಿಸ್ಟರಿನಲ್ಲಿ ಬರೆಸಿ ಹೊರಡಿ.