1971ರ ಮಹಾಮೈತ್ರಿ ಮತ್ತು ನಮ್ಮ ಅಟ್ಟದ ಕೊಳಗ

ಸಾಗರ ತಾಲ್ಲೂಕಿನ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಒಂದು ಕೊಳಗವಿದೆ. ಅಜ್ಜ ಒಡೆಯರ ಮನೆಗೆ ಗೇಣಿ ಭತ್ತ ಅಳೆಯುತ್ತಿದ್ದ ಕಾಲದ್ದು. ಕೈಯಾಡಿ ಆಡಿ ಅದರ ಅಂಚು ನುಣುಪಾಗಿದೆ. 1971ರ ಲೋಕಸಭಾ ಚುನಾವಣೆಯ ವಿಷಯ ಬಂದಾಗಲೆಲ್ಲ ನನಗೆ ನೆನಪಾಗುವುದು ಈ ಕೊಳಗವೇ.

1969ರಲ್ಲಿ ಕಾಂಗ್ರೆಸ್ ಒಡೆದಾಗ ಇಂದಿರಾ ಗಾಂಧಿಯವರನ್ನು ವಿರೋಧಿಸಿದ ಬಣವಾದ ಸಂಸ್ಥಾ ಕಾಂಗ್ರೆಸ್ಸಿನ ಮುಂದಾಳಾಗಿ ನಿಂತವರು ನಮ್ಮವರೇ ಆದ ಎಸ್. ನಿಜಲಿಂಗಪ್ಪನವರು. 1970ರ ಡಿಸೆಂಬರ್ 27ರಂದು ಲೋಕಸಭೆ ಅವಧಿಗೆ ಮುಂಚೆಯೇ ವಿಸರ್ಜನೆಯಾಯಿತು. ಆಗ ಸಂಸ್ಥಾ ಕಾಂಗ್ರೆಸ್, ರಾಜಾಜಿಯವರ ಸ್ವತಂತ್ರ ಪಕ್ಷ, ಜನಸಂಘ ಮತ್ತು ಸಂಯುಕ್ತ ಸಮಾಜವಾದಿ ಪಕ್ಷಗಳು ಕೈಜೋಡಿಸಿ ಮಹಾಮೈತ್ರಿ ಕಟ್ಟಿದವು. ಮೊದಲ ಮೂರು ಪಕ್ಷಗಳಿಗೆ ಬ್ಯಾಂಕ್ ರಾಷ್ಟ್ರೀಕರಣದ ನಂತರದ ಇಂದಿರಾ ಗಾಂಧಿಯವರ ದಾರಿಯ ಬಗ್ಗೆ ಆತಂಕವಿತ್ತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರ ಹಾದಿಯವರು ಆ ಸಾಲಿಗೆ ಬಂದದ್ದು ಕಾಂಗ್ರೆಸ್ ವಿರೋಧ ಎಂಬ ಒಂದೇ ಎಳೆ ಹಿಡಿದು.

ಬೇರೆ ಕಡೆ ಹೇಗಿತ್ತೋ, ಮಲೆನಾಡಿನಲ್ಲಿ ಈ ನಂಟು ಕೂಡಿಬರುವುದು ಕಷ್ಟವಿತ್ತು. 1951ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಸಾಗರದ ಬಳಿಯ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ಕೊಳಗದ ಅಳತೆಯ ಅನ್ಯಾಯದ ವಿರುದ್ಧ. ಅವರಿಗೆ ಬೆಂಬಲವಾಗಿ ಲೋಹಿಯಾ ಸಾಗರಕ್ಕೆ ಬಂದು ಬಂಧನಕ್ಕೊಳಗಾಗಿದ್ದರು. ಆ ನೆನಪಿನ ಬಲದಿಂದಲೇ ಇಲ್ಲಿ ಸಮಾಜವಾದ ಬೇರುಬಿಟ್ಟು, 1967ರಲ್ಲಿ ಜೆ.ಎಚ್. ಪಟೇಲರು ಶಿವಮೊಗ್ಗದಿಂದ ಲೋಕಸಭೆಗೆ ಹೋದರು. ಅಂಥ ಪಕ್ಷ 1971ರಲ್ಲಿ, ಒಬ್ಬರಿಗೆ ಇಷ್ಟೇ ಭೂಮಿ ಎಂಬ ಮಿತಿಯನ್ನು ತಾತ್ವಿಕವಾಗಿಯೇ ವಿರೋಧಿಸುತ್ತಿದ್ದ, ನಕ್ಷತ್ರದ ಗುರುತಿನ ಸ್ವತಂತ್ರ ಪಕ್ಷದ ಪಕ್ಕದಲ್ಲಿ ನಿಂತಿತ್ತು.

ಆ ವರ್ಷ ಮತ ಕೇಳಲು ಭತ್ತದ ಕಣಕ್ಕೇ ಬಂದಿದ್ದ ಪರಿಚಯದ ಸಮಾಜವಾದಿ ಕಾರ್ಯಕರ್ತರೊಬ್ಬರನ್ನು ಅಜ್ಜ ಕೂರಿಸಿ, ಬೆಲ್ಲ ನೀರು ಕೊಟ್ಟು, “ನೀವು ಹೇಳಿದ್ದು ಸರಿ ಮಾರಾಯ್ರೆ, ಆದ್ರೆ ಆ ನಕ್ಷತ್ರದ ಗುರುತಿನವರು ನಮ್ಮ ಗೇಣಿ ವಿಷಯಕ್ಕೆ ಏನಂತಾರೆ?” ಎಂದು ಕೇಳಿದರಂತೆ. ಅವರು ಬಹಳ ಹೊತ್ತು ಸುಮ್ಮನೆ ಕೂತಿದ್ದು, ಲೋಟ ಕೆಳಗಿಟ್ಟು ಎದ್ದು ಹೋದರೆಂದು ಅಮ್ಮ ಇಂದಿಗೂ ಹೇಳುತ್ತಾರೆ.

ಸ್ವತಂತ್ರ ಪಕ್ಷದವರ ಮಾತೆಲ್ಲ ಪೊಳ್ಳೆಂದು ನಾನು ಹೇಳಲಾರೆ. ಪರ್ಮಿಟ್, ಲೈಸೆನ್ಸುಗಳ ಆಡಳಿತದ ಬಗ್ಗೆ ರಾಜಾಜಿ ಕೊಟ್ಟ ಎಚ್ಚರಿಕೆಯಲ್ಲಿ ತಿರುಳಿತ್ತು. ಆದರೆ ಮೈತ್ರಿಯ ಪ್ರಚಾರ ಆ ವಿಚಾರವನ್ನು ಜನರ ಮುಂದೆ ಬಿಡಿಸಿ ಇಡುವ ಬದಲು ‘ಇಂದಿರಾ ಹಟಾವೋ’ ಎಂಬಲ್ಲಿಗೆ ಬಂದು ನಿಂತಿತು. ಅದಕ್ಕೆ ಇಂದಿರಾ ‘ಗರೀಬಿ ಹಟಾವೋ’ ಎಂದು ಉತ್ತರಿಸಿದಾಗ, ಉಳುವ ಭೂಮಿ ತನ್ನದಲ್ಲದವನಿಗೆ ಯಾವ ಮಾತು ತನ್ನದೆನಿಸಿತೆಂದು ಬೇರೆ ಹೇಳಬೇಕಿಲ್ಲ.

ಮಾರ್ಚ್‌ನಲ್ಲಿ ಮತ ಎಣಿಸಿದಾಗ ಇಂದಿರಾ ಕಾಂಗ್ರೆಸ್ 352 ಸ್ಥಾನ ಗೆದ್ದಿತ್ತು. ಜನಸಂಘ 22ಕ್ಕೆ, ಸಂಸ್ಥಾ ಕಾಂಗ್ರೆಸ್ 16ಕ್ಕೆ, ಹಿಂದಿನ ಸಲ 44 ಗೆದ್ದಿದ್ದ ಸ್ವತಂತ್ರ ಪಕ್ಷ 8ಕ್ಕೆ, ಸಂಯುಕ್ತ ಸಮಾಜವಾದಿಗಳು ಕೇವಲ 3ಕ್ಕೆ ನಿಂತರು. ಸಂಸ್ಥಾ ಕಾಂಗ್ರೆಸ್ಸಿನ ವೀರೇಂದ್ರ ಪಾಟೀಲರೇ ಮುಖ್ಯಮಂತ್ರಿಯಾಗಿದ್ದ ಮೈಸೂರು ರಾಜ್ಯದಲ್ಲಿ 27ಕ್ಕೆ 27 ಸ್ಥಾನಗಳೂ ಇಂದಿರಾ ಪಾಲಾದವು. ಅದೇ ತಿಂಗಳು ಪಾಟೀಲರ ಸರ್ಕಾರವೂ ಉರುಳಿತು. ಮೈತ್ರಿಯ ಹೆಸರು ಹೇಳುವವರು ಉಳಿಯಲಿಲ್ಲ, ಮೂರು ವರ್ಷಗಳಲ್ಲಿ ಸ್ವತಂತ್ರ ಪಕ್ಷವೇ ಭಾರತೀಯ ಲೋಕದಳದಲ್ಲಿ ಲೀನವಾಯಿತು.

ಅದೇ 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂತು. ಅಜ್ಜ ತಾವು ಉಳುತ್ತಿದ್ದ ಭೂಮಿಯ ಹಕ್ಕು ಕೋರಿ ಡಿಕ್ಲರೇಷನ್ ಅರ್ಜಿ ಹಾಕಿ, ಮನೆಗೆ ಬಂದು, ಕೊಳಗವನ್ನು ತೊಳೆದು ಅಟ್ಟಕ್ಕೆ ಏರಿಸಿದರು.