ಹನ್ನೊಂದನೆಯ ತಾರೀಕಿನ ಅಜ್ಜಿ

ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತು ವರ್ಷ ಕುಳಿತವಳು ನಾನು. ಆಗಿನ ನಿಯಮದಂತೆ ಉಳಿತಾಯ ಖಾತೆಗೆ ಬಡ್ಡಿ ಸಿಗುತ್ತಿದ್ದುದು, ತಿಂಗಳ ಹತ್ತರಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಉಳಿದ ಅತಿ ಕಡಿಮೆ ಮೊತ್ತಕ್ಕೆ ಮಾತ್ರ.

ಹೂ ಮಾರುವ ಅಜ್ಜಿಯೊಬ್ಬರು ಹನ್ನೊಂದರಂದು ಬರುತ್ತಿದ್ದರು. ಸೆರಗಿನ ಗಂಟು ಬಿಚ್ಚಿ, ಮಲ್ಲಿಗೆಯ ವಾಸನೆ ಹಿಡಿದ ಹತ್ತರ ನೋಟುಗಳನ್ನು ಒಂದೊಂದಾಗಿ ಸವರಿ ಎಣಿಸಿ ಕೊಡುತ್ತಿದ್ದರು.

"ನಿನ್ನೆಯೇ ಬರಬಾರದಿತ್ತೇ, ಅಜ್ಜಿ?"

"ನಿನ್ನೆ ಸಂತೆಯಲ್ಲವೇ, ತಾಯಿ."

ಇಪ್ಪತ್ತು ದಿನ ಬ್ಯಾಂಕಿನಲ್ಲೇ ಇದ್ದರೂ ಆ ಹಣಕ್ಕೆ ಆ ತಿಂಗಳು ಬಿಡಿಗಾಸಿನ ಬಡ್ಡಿಯೂ ಇಲ್ಲ. ಪಾಸ್‌ಬುಕ್ಕಿನಲ್ಲಿ ತಾರೀಕು ಬರೆಯುವಾಗ ನನಗೆ ಕೈ ತಡೆಯುತ್ತಿತ್ತು. ಅದು ಅನ್ಯಾಯವೆಂದೇ ಇಂದಿಗೂ ಹೇಳುತ್ತೇನೆ.

2010ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಪ್ರತಿದಿನ ಖಾತೆಯಲ್ಲಿ ಉಳಿದ ಮೊತ್ತಕ್ಕೆ ಬಡ್ಡಿ ಲೆಕ್ಕ ಹಾಕುವ ಪದ್ಧತಿ ಬಂತು. ದರ ಮೊದಲಿನಂತೆಯೇ ಶೇ. 3.5. ಹತ್ತು ಸಾವಿರ ರೂಪಾಯಿಗೆ ವರ್ಷಕ್ಕೆ 350; ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 96 ಪೈಸೆ. ಮೂವತ್ತು ದಿನಗಳ ತಿಂಗಳಲ್ಲಿ ಹನ್ನೊಂದರಂದು ಕಟ್ಟಿದರೂ ಇಪ್ಪತ್ತು ದಿನಕ್ಕೆ 19 ರೂಪಾಯಿ 18 ಪೈಸೆ. ಮೊದಲ ಬಾರಿ ಈ ಲೆಕ್ಕ ಹಾಕಿದಾಗ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅಜ್ಜಿ ಬರುವುದು ನಿಂತಿತ್ತು.

ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆಗೆ ಇಂಥದೇ ಗಡಿ ಈಗಲೂ ಇದೆ, ಅಲ್ಲಿ ಐದನೆಯ ತಾರೀಕು. ಹಾಗಾಗಿ ಪ್ರತಿ ತಿಂಗಳು ನಾಲ್ಕರಂದು ಮಗಳಿಗೆ ಫೋನ್ ಮಾಡಿ ನೆನಪಿಸುತ್ತೇನೆ.